ಹೆರಿಗೆಗೆ ಹೋಗಿ ಬಂದವಳು

ಸ್ವೆಟರ್ ಕಾರ್ಖಾನೆಯ ಬಾಗಿಲಲ್ಲಿ ಅವಳು ಬಂದು ನಿಂತಾಗ ಮಾಲೀಕ ಕುರ್ಚಿಯಿಂದ ದಡಬಡಿಸಿ ಎದ್ದ.

"ಏನ್ ಸಾರ್, ದೆವ್ವ ಕಂಡೋರ ಹಾಗೆ ನೋಡ್ತೀರಲ್ಲ?" ಅವಳು ನಕ್ಕಳು. ಮುಖ ಇನ್ನೂ ಬಿಳಿಚಿಕೊಂಡಿತ್ತು. "ಮಗೂನ ಅಮ್ಮನ ಹತ್ರ ಬಿಟ್ಟು ಬಂದೆ. ಮುಂದಿನ ವಾರದಿಂದ ಕೆಲಸಕ್ಕೆ ಬರಲಾ?"

ಮಾಲೀಕ ಅವಳ ಮೆಷಿನ್ನಿನ ಕಡೆ ನೋಡಿದ. ಅಲ್ಲಿ ಹೊಸ ಹುಡುಗಿಯೊಬ್ಬಳು ಕಾಲರ್ ಕೂರಿಸಲು ಹೆಣಗಾಡುತ್ತಿದ್ದಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲುತ್ತಿಲ್ಲವೆಂದು ಇವಳ ತವರಿನಿಂದ ಸುದ್ದಿ ಬಂದ ವಾರವೇ ಆ ಹುಡುಗಿಯನ್ನು ಸೇರಿಸಿಕೊಂಡಿದ್ದ. ಮುಂದೇನಾಯಿತೆಂದು ಯಾರನ್ನೂ ಕೇಳಿರಲಿಲ್ಲ. ಅಂಥ ಸುದ್ದಿ ಹೇಗೆ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು. ಈ ಕಾರ್ಖಾನೆಯಲ್ಲೇ ಅದು ಹಿಂದೆಯೂ ಆಗಿತ್ತು. ಕೈ ಕುದುರಿದವಳು ಹೋದಾಗಲೆಲ್ಲ ಹೊಸಬಳಿಗೆ ಮೊದಲಿನಿಂದ ಕಲಿಸಬೇಕು. ಅಷ್ಟರಲ್ಲಿ ಅರ್ಧ ಮಾಲು ವಾಪಸು ಬಂದಿರುತ್ತದೆ.

"ನಾನು ಬರೋದೇ ಇಲ್ಲ ಅಂದ್ಕೊಂಡ್ರಾ?"

ಮಾಲೀಕ ಅವಳತ್ತ ತಿರುಗಿ, "ಅಲ್ಲಮ್ಮ, ಹೇಗೆ ಉಳ್ಕೊಂಡೆ?" ಎಂದುಬಿಟ್ಟ.

"ಅಮ್ಮನ ಊರಿನ ಸರ್ಕಾರಿ ಆಸ್ಪತ್ರೇಲೇ ಈಗ ರಕ್ತ ಇಟ್ಟಿರ್ತಾರೆ ಸಾರ್. ಹೋದ ವರ್ಷ ಸರ್ಕಾರ ದುಡ್ಡು ಕೊಡ್ತಂತೆ. ಡಾಕ್ಟ್ರೂ ಅಲ್ಲೇ ಇರ್ತಾರೆ. ಮುಂಚಿನ ಹಾಗೆ ಸಿಟಿಗೆ ಹೊತ್ಕೊಂಡು ಹೋಗಿದ್ರೆ ದಾರೀಲೇ ನನ್ನ ಕಥೆ ಮುಗೀತಿತ್ತು." ಮಾತಾಡುತ್ತಲೇ ಅವಳು ಮೆಷಿನ್ನಿನ ಹತ್ತಿರ ಹೋಗಿ ಹುಡುಗಿಯ ಭುಜ ತಟ್ಟಿದಳು. "ಅಷ್ಟು ಬಿಗಿಯಾಗಿ ಎಳೀಬೇಡ ಪುಟ್ಟಿ, ತಲೇನೇ ತೂರಲ್ಲ!"

ಹುಡುಗಿ ಹೆದರಿ ಎದ್ದು ನಿಂತಳು.

"ಕೂತ್ಕೋ, ಕೂತ್ಕೋ," ಎಂದ ಮಾಲೀಕ. "ಇಬ್ರೂ ಇರಿ. ಇನ್ನೊಂದು ಮೆಷಿನ್ ತರಿಸ್ತೀನಿ. ನೀನು ಪೂರ್ತಿ ಸುಧಾರಿಸ್ಕೊಂಡು ಬಾಮ್ಮ, ಇವಳಿಗೂ ಹೇಳ್ಕೊಡು."

ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟವನು ಸ್ಕೂಟರನ್ನು ಐದಾರು ಮೈಲಿ ದೂರದ ಅವಳ ತವರೂರಿನ ಆ ಆಸ್ಪತ್ರೆಯತ್ತ ತಿರುಗಿಸಿದ. ಏನು ನೋಡಬೇಕೆಂದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ಹೆರಿಗೆ ವಾರ್ಡಿನ ಪಕ್ಕದ ಕೋಣೆಗೆ ನರ್ಸಮ್ಮ ಕರೆದೊಯ್ದಳು. ಆಳೆತ್ತರದ ಬಿಳಿ ಫ್ರಿಜ್ಜು. ಗಾಜಿನ ಬಾಗಿಲಿನಾಚೆ ಸಾಲಾಗಿ ರಕ್ತದ ಚೀಲಗಳು.

"ಇಷ್ಟೇನಾ?"

"ಇಷ್ಟೇ. ಮುಂಚೆ ಇದೂ ಇರ್ಲಿಲ್ಲ. ಚೀಟಿ ಬರ್ದು ಸಿಟಿಗೆ ಕಳಿಸ್ತಿದ್ವಿ. ಎಷ್ಟೋ ಜನ ತಲುಪ್ತಾನೇ ಇರ್ಲಿಲ್ಲ."

ಅವನು ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ ನೋಡತೊಡಗಿದ. ನರ್ಸಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ.

"ಮನೇಲಿ ಯಾರಾದ್ರೂ ಬಸುರಿ ಇದ್ದಾರಾ ಸಾರ್?"

"ಅಮ್ಮ ಇದ್ರು," ಎಂದ ಅವನು, ಗಾಜಿನಿಂದ ಕಣ್ಣು ತೆಗೆಯದೆ. "ನಾನು ಹುಟ್ಟೋವರೆಗೆ."