ಜವಳಿ ಅಂಗಡಿಯ ಸಮುದ್ರ

“ಕೈ ತೋರಿಸು,” ಎಂದರು ಸಿದ್ದಮಲ್ಲಪ್ಪ.

ಸಾಕಮ್ಮ ಪೊರಕೆ ಕೆಳಗಿಟ್ಟು ಎರಡೂ ಅಂಗೈ ಚಾಚಿದಳು. ನಂಜನಗೂಡಿನ ಆ ಜವಳಿ ಅಂಗಡಿಯ ನೆಲವನ್ನು ಹನ್ನೊಂದು ವರ್ಷ ಒರೆಸಿದ ಕೈ. ಸಾಹುಕಾರರು ಮುಟ್ಟದೆ, ದೂರದಿಂದಲೇ ಮೂಸಿದರು. ಸೋಪಿನ ಪುಡಿಯ ವಾಸನೆ. ಅವರಿಗೆ ಅಷ್ಟು ಸಾಕಾಯಿತು.

ಅಂಗಡಿಯ ನಡುವೆ ಆರಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಜೀವಂತ ಹವಳ, ಕಿತ್ತಳೆ ಬಣ್ಣದ ಮೀನು. 2007ರಲ್ಲಿ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರ ಹತ್ತಿರ ಇರದ ವಸ್ತು; ತಂದದ್ದೂ ಅದಕ್ಕೇ. ಅಜ್ಜಿಕಥೆಯ ರಾಜ ಚಂದ್ರನನ್ನು ಹಿಡಿದು ತರಲು ಆಳು ಕಳಿಸುತ್ತಾನಲ್ಲ, ಹಾಗೆ ಅವರು ಸಮುದ್ರವನ್ನು ಅಂಗಡಿಗೆ ಕರೆಸಿಕೊಂಡಿದ್ದರು. ಕವಲಂದೆಯಿಂದ ಮದುವೆ ಸೀರೆಗೆ ಬಂದವರು ಬಾಯಿ ಬಿಟ್ಟು ನಿಂತರೆ, ಗಲ್ಲಾದ ಹಿಂದೆ ಸಾಹುಕಾರರು ಕೂತಲ್ಲೇ ಎರಡಂಗುಲ ಎತ್ತರವಾಗುತ್ತಿದ್ದರು.

ಈಗ ಬಂದವರು ಮುಖ ಕಿವುಚುತ್ತಿದ್ದರು. ಮೂರು ತಿಂಗಳಿಂದ ಪಾಚಿ. ಹವಳದ ಮೇಲೆಲ್ಲ ಹಸಿರು ಕೂದಲು. ಎರಡು ಹವಳ ಸತ್ತೇಹೋಗಿದ್ದವು.

ತೊಟ್ಟಿ ಕೂರಿಸಿಕೊಟ್ಟ ಮೈಸೂರಿನ ಮದನ್ ನೀರು ಪರೀಕ್ಷಿಸಿ, ಫಾಸ್ಫೇಟ್ ಏರಿದೆ ಎಂದಿದ್ದ. ಹೊಲದ ಗೊಬ್ಬರದಲ್ಲಿರುತ್ತದಲ್ಲ, ಅದೇ. ದಿನಕ್ಕೊಂದು ಚಿಟಿಕೆ ಸೇರಿದರೂ ಪಾಚಿಗೆ ಹಬ್ಬ. ತುಂಬುವ ನೀರು ಶುದ್ಧವಿತ್ತು, ಉಪ್ಪು ಸರಿಯಿತ್ತು, ಮೀನಿನ ಮೇವೂ ಮಿತಿಯಲ್ಲಿತ್ತು. ಇನ್ನೇನೋ ಹೊರಗಿನಿಂದ ಬೀಳುತ್ತಿದೆ, ಸೋಪಿನ ಪುಡಿಯೂ ಇರಬಹುದು ಎಂದು ಅವನು ಮಾತಿಗೆ ಅಂದಿದ್ದ.

ಸಿದ್ದಮಲ್ಲಪ್ಪ ಆ ಒಂದು ಮಾತನ್ನೇ ಹಿಡಿದುಕೊಂಡರು. ತೊಟ್ಟಿಗೆ ತಮ್ಮ ಕೈ ಬಿಟ್ಟು ಬೇರೆಯವರದು ಇಳಿಯಕೂಡದೆಂದು ಮೊದಲ ದಿನವೇ ಅಪ್ಪಣೆಯಾಗಿತ್ತು. ಸಾಕಮ್ಮನದಂತೂ ಗಾಜಿಗೂ ತಾಗಕೂಡದು. ದಿನಾ ಲಿಂಗಪೂಜೆ ಮುಗಿಸಿ ನೇರ ಅಂಗಡಿಗೆ ಬಂದು, ಜುಬ್ಬಾದ ತೋಳು ಮೇಲೆ ಸರಿಸಿ, ಮೊಣಕೈವರೆಗೆ ಮುಳುಗಿಸಿ ಅವರೇ ಮೊದಲು ಹವಳ ಜೋಡಿಸುತ್ತಿದ್ದರು, ಈಗ ಪಾಚಿ ಕೆರೆಯುತ್ತಿದ್ದರು. ಕೆರೆದಷ್ಟೂ ಬೆಳೆಯುತ್ತಿತ್ತು. ಹೊಸ ಪಾಚಿ ಹುಟ್ಟದೆ ಇದ್ದದ್ದು ಹದಿನೈದೇ ದಿನ, ಅವರು ಕಾಶಿ, ಕೇದಾರ ಮಾಡಿಕೊಂಡು ಬಂದಾಗ. ಅದೇ ಹದಿನೈದು ದಿನ ಸಾಕಮ್ಮ ಮಗಳ ಬಾಣಂತನಕ್ಕೆಂದು ಹೆಮ್ಮಿಗೆಯಲ್ಲಿದ್ದಳು. ಇನ್ನೆಂಥ ಸಾಕ್ಷಿ ಬೇಕು?

ಇವತ್ತು ಮದನ್‌ನನ್ನು ಕರೆಸಿದ್ದು ಅವಳ ಕೈ ತೊಳೆಸಿ ಆ ನೀರನ್ನೇ ಪರೀಕ್ಷಿಸಲು. ರುಜುವಾತಾದರೆ ಈಗಿಂದೀಗಲೇ ಕೆಲಸದಿಂದ ಹೊರಗೆ; ಈ ಬೀದಿಯ ಬೇರೆ ಯಾವ ಅಂಗಡಿಯೂ ಅವಳನ್ನು ಸೇರಿಸದ ಹಾಗೆ ನೋಡಿಕೊಳ್ಳುವುದಾಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

ಸಾಕಮ್ಮ ತಲೆ ತಗ್ಗಿಸಲಿಲ್ಲ. “ಕದ್ದು ಕೈ ಆಕಿದ್ರೆ ಈಗ್ಲೇ ಓಯ್ತೀನಿ, ಸಾವ್ಕಾರ್ರೆ. ಆದ್ರೆ ನಿಮ್ ಕೈನೂ ಅದ್ಬುಡಿ. ಎಲ್ಡೂ ನೋಡ್ಲಿ.”

ಸೀರೆ ಮಡಚುತ್ತಿದ್ದ ಹುಡುಗಿಯರ ಕೈ ನಿಂತಿತು. ಸಾಹುಕಾರರು ನಕ್ಕರು. “ನಿನ್ ಕೈಗೂ ನನ್ ಕೈಗೂ ಸಾಟಿ ಏನಮ್ಮಿ? ಆಗ್ಲಿ, ಅದನ್ನೂ ನೋಡ್ಕೊಂಡೇ ಹೋಗು.”

ಮದನ್ ಶುದ್ಧ ನೀರಿನ ಎರಡು ಬಕೆಟ್ ಇಟ್ಟ. ಮೊದಲು ಸಾಕಮ್ಮ ಕೈ ಅದ್ದಿ ತೆಗೆದಳು. ಆಮೇಲೆ ಸಾಹುಕಾರರು ಇನ್ನೊಂದರಲ್ಲಿ, ದಿನದ ಹಾಗೆಯೇ ತೋಳು ಸರಿಸಿ, ಮೊಣಕೈವರೆಗೆ ಇಳಿಸಿ, ಎರಡು ಸುತ್ತು ತಿರುಗಿಸಿದರು. ಮದನ್ ಎರಡೂ ನೀರನ್ನು ಬೇರೆ ಬೇರೆ ಸೀಸೆಗೆ ತುಂಬಿ, ಫಾಸ್ಫೇಟ್ ಇದ್ದರೆ ನೀಲಿಯಾಗುವ ಔಷಧದ ಹನಿ ಬಿಟ್ಟು ಕಾದ. ಒಂದು ಸೀಸೆ ತಿಳಿಯಾಗಿಯೇ ಉಳಿಯಿತು. ಇನ್ನೊಂದು ಕಡುನೀಲಿಗೆ ತಿರುಗಿತು.

ಸಿದ್ದಮಲ್ಲಪ್ಪ ಕಾಯಲಿಲ್ಲ. “ನೋಡಿದ್ಯಾ? ಹೊಲಸು ಅಂದ್ರೆ ಇದು ಕಣಮ್ಮಿ. ಎಷ್ಟು ತೊಳುದ್ರೂ ಬಿಡಲ್ಲ. ನಡಿ ಆಚೆಗೆ.”

“ಸರ್,” ಎಂದ ಮದನ್, ಮೆಲ್ಲಗೆ. “ನೀಲಿ ಬಂದಿರೋದು ನಿಮ್ಮ ಬಕೆಟ್ಟಿಂದು.”

ಅದರ ತಳದಲ್ಲಿ, ಅವರು ಬೆಳಿಗ್ಗೆ ಪೂಜೆಗೆ ಕೂತು ಮೊಣಕೈವರೆಗೆ ಬಳಿದುಕೊಂಡಿದ್ದ ವಿಭೂತಿ, ಅಂದರೆ ಸಗಣಿ ಸುಟ್ಟ ಬೂದಿ, ಬೆಳ್ಳಗೆ ಕೂತಿತ್ತು.