ನಾರ್ದೊ ಕೇಳಿದ ಉಪಕಾರ

ಕಸ್ಸಾಟಾ ಕೇಕಿನ ಡಬ್ಬಿ ಹಿಡಿದವನು ಮುಖ್ಯ ಬೀದಿ ಬಿಟ್ಟು ಚರ್ಚಿನ ಹಿಂದಿನ ಗಲ್ಲಿಗೆ ತಿರುಗಿದನೆಂದರೆ, ಅದು ಹುಟ್ಟುಹಬ್ಬದ ಕೇಕಲ್ಲ. ನುನ್ಸಿಯಾ ಬಾಲ್ಕನಿಯಿಂದ ನೋಡಿದಳು. ಡಬ್ಬಿ ಹಿಡಿದವನು ಅವಳ ತಮ್ಮ ನಾರ್ದೊ. ಗಲ್ಲಿಯ ಕೊನೆಗಿರುವುದು ಶೋರ್ತಿನೊ ಮೇಷ್ಟ್ರ ಮನೆ. ಅಷ್ಟು ಸಾಕಾಯಿತು.

"ಅಯ್ಯೋ ದೇವರೇ, ಇವನೂ ಹೊರಟನಲ್ಲ!" ಎಂದು ಶಿಲುಬೆಯ ಗುರುತು ಹಾಕಿಕೊಂಡಳು.

ಉತ್ತರ ಇಟಲಿಯ ಪಂಪು ಕಂಪನಿಯೊಂದು ನಮ್ಮ ಸಿಸಿಲಿಯ ಹುಡುಗ ಹುಡುಗಿಯರನ್ನು ವಿಜ್ಞಾನದತ್ತ ಸೆಳೆಯಲು ಸ್ಪರ್ಧೆ ಇಟ್ಟಿತ್ತು. ಗೆದ್ದವರಿಗೆ ಟ್ಯೂರಿನ್‌ನಲ್ಲಿ ಐದು ವರ್ಷ ಎಂಜಿನಿಯರಿಂಗ್ ಓದು. ಫೀಸು, ಕೋಣೆ, ಊಟ ಎಲ್ಲ ಕಂಪನಿಯದೇ. ಊರ ತುಂಬ ಬ್ಯಾನರು ಕಟ್ಟಿಸಿದ್ದರು: "ಪ್ರತಿಭೆಗೆ ಶಿಫಾರಸು ಬೇಡ." ಊರವರು ಅದನ್ನು ಓದಿ ತಲೆದೂಗಿ, ತೀರ್ಪುಗಾರರ ಅಧ್ಯಕ್ಷರು ಯಾರೆಂದು ವಿಚಾರಿಸಿಕೊಂಡು ಹೋಗಿದ್ದರು. ಶೋರ್ತಿನೊ ಮೇಷ್ಟ್ರು ಎಂದು ತಿಳಿದ ಮೇಲೆ ಎಲ್ಲರಿಗೂ ಸಮಾಧಾನವಾಗಿತ್ತು.

ಸ್ಪರ್ಧೆಯಲ್ಲಿ ನಾರ್ದೊನ ಮಗಳು ರೋಸಾಲ್ಬಾ ಇದ್ದಳು. ನೆಲದಡಿಯ ಕೊಳವೆಗೆ ಕಿವಿಗೊಟ್ಟು ನೀರು ಎಲ್ಲಿ ಸೋರುತ್ತಿದೆಯೆಂದು ಹೇಳುವ ಯಂತ್ರ ಅವಳದು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಅದೇನು ಆಟದ ಸಾಮಾನಲ್ಲ. ನಾರ್ದೊನ ಮಿಠಾಯಿ ಅಂಗಡಿಯ ಎದುರಿಗೇ ಒಂದು ಸೋರಿಕೆ ಹಿಡಿದುಕೊಟ್ಟಿದ್ದಳು. ಆ ದಿನ ಮಗಳನ್ನೇ ನೋಡುತ್ತ ನಿಂತ ನಾರ್ದೊ, ಒಲೆಯಲ್ಲಿದ್ದ ಬಿಸ್ಕತ್ತನ್ನೆಲ್ಲ ಕರಕಲು ಮಾಡಿದ್ದ. ಮರುವಾರವೇ ಅಂಗಡಿಗೆ ತನ್ನ ಮನೆತನದ ಹೆಸರಿನ ಹೊಸ ಹಲಗೆ ಬಂತು: "ವುಲ್ಲೊ ಮತ್ತು ಮಗಳು."

"ಬಹುಮಾನ ಬರೋಕೆ ಮುಂಚೇನೇ ಡಂಗುರ ನೋಡು ಇವನದು!" ಎಂದು ನುನ್ಸಿಯಾ ಆಗಲೇ ಮೂಗು ಮುರಿದಿದ್ದಳು.

ಮೇಷ್ಟ್ರು ಬಾಗಿಲು ತೆರೆದು, ಡಬ್ಬಿ ನೋಡಿ, ಹಿಂದೆಮುಂದೆ ಬೀದಿ ನೋಡಿ, ಒಳಗೆ ಕರೆದರು. ಇಂಥ ಮಾತನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಹೆಸರು ಹೇಳಿ ನಿಟ್ಟುಸಿರು ಬಿಟ್ಟರೆ ಮುಗಿಯಿತು. ಉಳಿದದ್ದನ್ನು ಆಡುವುದು ಮರ್ಯಾದಸ್ಥರ ಲಕ್ಷಣವಲ್ಲ.

"ಮೇಷ್ಟ್ರೇ, ನಮ್ಮ ರೋಸಾಲ್ಬಾ…"

"ಗೊತ್ತಯ್ಯಾ, ಗೊತ್ತು."

"ಇಲ್ಲ, ನೀವು ಪೂರ್ತಿ ಕೇಳ್ಬೇಕು."

"ಶ್! ಪೂರ್ತಿ ಹೇಳ್ಬಾರ್ದು. ನೀನು ನನ್ನ ಹಳೇ ಶಿಷ್ಯ, ನಾನು ಬೇರೇನು ತಿಳ್ಕೊಂಡೇನು?"

"ಹೆತ್ತ ಅಪ್ಪ ಕೇಳೋ ಮಾತಲ್ಲ ಇದು. ನಾಚಿಕೆ ಆಗ್ತಿದೆ."

"ಎಲ್ಲಾ ಅಪ್ಪಂದಿರೂ ಹಾಗೇ ಅಂತಾರೆ."

"ಈ ಥರ ಯಾರೂ ಕೇಳಿರಲ್ಲ."

"ಅದನ್ನೂ ಎಲ್ಲರೂ ಅಂತಾರೆ," ಎಂದು ಮೇಷ್ಟ್ರು ನಕ್ಕು ಅವನ ಭುಜ ಹಿಡಿದು ಬಾಗಿಲ ಕಡೆಗೆ ನಡೆಸಿದರು. "ಕೆಲಸ ಆಯ್ತು ಅಂದ್ಕೋ. ಹೋಗು."

"ಅವಳಿಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

ಗೊತ್ತಾಗದೆ ಇರುತ್ತದೆಯೇ? ನುನ್ಸಿಯಾ ಇರುವುದೇತಕ್ಕೆ? ಸಂಜೆಯೊಳಗೆ ರೋಸಾಲ್ಬಾ ಅಂಗಡಿಗೆ ನುಗ್ಗಿದಳು. ಕೈಯಲ್ಲಿ ಕಾನ್ನೋಲಿ ಸುರುಳಿಗಳಿಗೆ ತುಂಬುವ ರಿಕೊಟ್ಟಾ ಗಿಣ್ಣಿನ ಬಟ್ಟಲು ಇತ್ತು. ಅದನ್ನು ಮೇಜಿನ ಮೇಲೆ ಕುಕ್ಕಿದಳು.

"ಅಪ್ಪಾ, ಮೇಷ್ಟ್ರ ಮನೆಗೆ ಹೋಗಿದ್ಯಂತೆ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಂಗೆ?"

"ನಂಬಿಕೆ ಇರೋದಕ್ಕೇ ಹೋದೆ ಕಣೇ."

"ಇದೆಂಥ ಮಾತು! ಶಿಫಾರಸಿನ ಬಹುಮಾನ ನಂಗೆ ಬೇಡ. ಗೆದ್ರೂ ವೇದಿಕೆ ಮೇಲೇ ವಾಪಸ್ ಕೊಡ್ತೀನಿ, ನೋಡ್ತಿರು. ನನಗೆ ಟ್ಯೂರಿನ್ ಬೇಕು ಅಪ್ಪಾ, ಉಸಿರಿಗಿಂತ ಹೆಚ್ಚಾಗಿ ಬೇಕು. ಆದ್ರೆ ಹೀಗೆ ಬೇಡ."

ನಾರ್ದೊ ಕೈ ಒರೆಸಿಕೊಂಡ. ಗೋಡೆಯ ಮೇಲಿದ್ದ ತೀರಿಹೋದ ಹೆಂಡತಿಯ ಪಟದ ಕಡೆಗೆ ಕೈ ಚಾಚಿದ.

"ನಿಮ್ಮಮ್ಮನಾಣೆ. ನಿನ್ನನ್ನ ಗೆಲ್ಲಿಸಿ ಅಂತ ನಾನು ಯಾರ ಹತ್ರಾನೂ ಕೇಳಿಲ್ಲ."

ರೋಸಾಲ್ಬಾಳ ಮುಖ ಸಡಿಲವಾಯಿತು. ಅಪ್ಪ ಏನೇ ಮಾಡಿದರೂ ಅಮ್ಮನ ಆಣೆ ಹಾಕಿ ಸುಳ್ಳು ಹೇಳುವವನಲ್ಲ. ಬಾಗಿಲಲ್ಲಿ ನಿಂತಿದ್ದ ನುನ್ಸಿಯಾ ಮಾತ್ರ ಗಾಬರಿಯಾಗಿ, ತಮ್ಮನ ಪಾಪಕ್ಕಾಗಿ ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಒಂದು ಮೇಣದಬತ್ತಿ ಹಚ್ಚಿ ಬಂದಳು.

ಭಾನುವಾರ ಪುರಭವನ ಕಿಕ್ಕಿರಿದಿತ್ತು. ಕಂಪನಿಯ ಹೆಂಗಸು ಬೆರ್ತೊಲಾಟ್ಸಿ ಮಿಲಾನಿನಿಂದ ಬಂದಿದ್ದಳು. "ಮಕ್ಕಳೇ, ಅಮ್ಮನ ಅಡುಗೆಮನೆ ಬಿಟ್ಟು ಹೊರಗೆ ಬನ್ನಿ, ವಿಜ್ಞಾನ ಕರೀತಾ ಇದೆ!" ಎಂದಳು. ಅಮ್ಮಂದಿರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದೂರಿನ ಹುಡುಗನೊಬ್ಬನ ಡ್ರೋನು ಸಭೆಯ ಮೇಲೆ ಸುತ್ತು ಹೊಡೆದು ಕಂಪನಿಯ ಬಾವುಟ ಬಿಚ್ಚಿತು. ಕಂಪನಿಯವರೆಲ್ಲ ಎದ್ದು ನಿಂತು ಫೋಟೊ ತೆಗೆದರು.

ಶೋರ್ತಿನೊ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಲಕೋಟೆ ತೆರೆದರು.

"ರೋಸಾಲ್ಬಾ ವುಲ್ಲೊ."

ಸಭೆ ಹೋ ಎಂದಿತು. ಹುಡುಗಿ ವೇದಿಕೆಗೆ ಹೋಗುವ ಮೊದಲು ಅಪ್ಪನ ಕಡೆಗೆ ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. "ನಿನ್ನ ಮೇಲೆ ಅನುಮಾನ ಪಟ್ಟೆನಲ್ಲಪ್ಪಾ, ತಪ್ಪಾಯ್ತು. ನಾನೇ ಗೆದ್ದೆ ನೋಡು, ನಾನೇ!" ನಾರ್ದೊನ ಮುಖ ಹಿಟ್ಟಿನಂತೆ ಬೆಳ್ಳಗಾಗಿತ್ತು. ಕಣ್ಣಿನಲ್ಲಿ ನೀರು ಧಾರಾಕಾರ. "ಆನಂದಬಾಷ್ಪ, ಪಾಪ," ಎಂದು ಹಿಂದಿನ ಸಾಲಿನವರು ಒಬ್ಬರಿಗೊಬ್ಬರು ಹೇಳಿಕೊಂಡರು. ಇಷ್ಟು ವರ್ಷ ಅವಳನ್ನು ಒಬ್ಬನೇ ಸಾಕಿದವನು, ಅಳದೆ ಇರುತ್ತಾನೆಯೇ?

ಗದ್ದಲ ಕಡಿಮೆಯಾದ ಮೇಲೆ ಮೇಷ್ಟ್ರು ಅವನನ್ನು ಕಂಬದ ಮರೆಗೆ ಎಳೆದುಕೊಂಡು ಹೋದರು. ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು.

"ಸಾಕುಸಾಕಾಯ್ತಯ್ಯಾ ನಾರ್ದೊ! ಕಂಪನಿಯವ್ರೆಲ್ಲ ಆ ಡ್ರೋನ್ ಹುಡುಗನ ಕಡೆ. ಫೋಟೊಗೆ ಚೆನ್ನಾಗಿ ಬರ್ತಾನಂತೆ. ನಿನ್ನ ಮಗಳ ಯಂತ್ರಾನ ಒಬ್ಬರೂ ತಿರುಗಿ ನೋಡ್ಲಿಲ್ಲ. ನಿನಗೆ ಮಾತು ಕೊಟ್ಟಿದ್ನಲ್ಲ ಅಂತ ನಾನೊಬ್ಬನೇ ಹಟ ಹಿಡಿದು ಕೂತೆ. ನೀನು ಅವತ್ತು ಬರದೇ ಇದ್ದಿದ್ರೆ ಅವಳು ನಿನ್ನ ಅಂಗಡೀಲೇ ಉಳ್ಕೊಳ್ತಿದ್ಲು."

ನಾರ್ದೊ ವೇದಿಕೆಯ ಮೇಲೆ ನಗುತ್ತಿದ್ದ ಮಗಳನ್ನೇ ನೋಡುತ್ತಿದ್ದ.

"ಅವಳನ್ನ ಹೇಗಾದ್ರೂ ಮಾಡಿ ಸೋಲಿಸಿಬಿಡಿ ಅಂತ ಕೇಳೋಕೆ ಬಂದಿದ್ದೆ, ಮೇಷ್ಟ್ರೇ."