ಹಿಮ್ಮಡಿ ಕಾಯುವವನು

ಮುನ್ನೂರು ಮೈಲಿಯ ಕಾಲುದಾರಿಯಲ್ಲಿ ನಮ್ಮ ಪಾಲಿಗೆ ಬಂದ ಎರಡು ಮೈಲಿಯ ಹುಲ್ಲನ್ನು ದಿನವೂ ಬೆಳಿಗ್ಗೆ ಕೊಯ್ಯಬೇಕು. ಕೊಯ್ಯದಿದ್ದರೆ ಅದು ನಡೆಯುವವರನ್ನು ಹಿಡಿಯುತ್ತದೆ. ದುಂಡವ್ವಕ್ಕ ಕುಡುಗೋಲು ಬೀಸುತ್ತಾಳೆ. ನಾನು ಕೊಡಲಿ ಹಿಡಿದು ಅವಳ ಹಿಮ್ಮಡಿಯನ್ನೇ ನೋಡುತ್ತಿರಬೇಕು. ಕಾಯುವವನು ಬೇರೆಡೆ ಕಣ್ಣು ಹಾಯಿಸಬಾರದು.

ಇವತ್ತು ನಾನು ಹಾಯಿಸಿದೆ. ನಿನ್ನೆ ಮೈಲಿಗಲ್ಲಿಗೆ ಸುಣ್ಣ ಬಳಿಯುವಾಗ ಒಂದು ಮೂಲೆ ಬಿಟ್ಟುಹೋಯಿತೇನೋ ಎಂಬ ಅನುಮಾನ ಬಂದು ತಿರುಗಿ ನೋಡಿದೆ. ಅಷ್ಟರಲ್ಲಿ ಅವಳು ಚೀರಿದಳು. ಹುಲ್ಲು ಅವಳ ಎಡಪಾದವನ್ನು ಸೀಳಿ ಒಳನುಗ್ಗಿತ್ತು. ಚರ್ಮದಡಿ ಹಸಿರು ಎಳೆಗಳು ಮೇಲೇರುತ್ತಿದ್ದವು. ಹುಲ್ಲನ್ನಷ್ಟೇ ಕತ್ತರಿಸಿದರೆ ಒಳಗಿನ ತುಂಡು ಬೆಳೆಯುತ್ತಲೇ ಇರುತ್ತದೆ; ಮೊಣಕಾಲು ದಾಟಿದರೆ ಯಾರೂ ಉಳಿಯುವುದಿಲ್ಲ.

“ಕಾಲು ಕಡಿ, ತಮ್ಮಾ!”

“ಎಲ್ಲಿಗೆ ಕಡೀಲಿ ಅಕ್ಕಾ? ಇಲ್ಲಿಗೇನ, ಇನ್ನೊಂಚೂರು ಮ್ಯಾಲೇನ?”

“ಟೇಪ್ ಹಿಡಿದು ಅಳೀತಿ ಏನ? ಕಡಿಯೋ ಖೋಡಿ!”

ಹೊಡೆದೆ. ಹಸಿರು ಎಳೆಗಳಿಗಿಂತ ಮೇಲೆ ಕೊಡಲಿ ಎಲುಬಿನಲ್ಲಿ ಸಿಕ್ಕಿಕೊಂಡಿತು. ಕಿತ್ತು ಮತ್ತೆ ಹೊಡೆದೆ. ರಕ್ತ ನನ್ನ ಬಾಯಿಗೆ ಸಿಡಿಯಿತು. ಬೇರ್ಪಟ್ಟ ಪಾದವನ್ನು ಹುಲ್ಲು ಒಳಕ್ಕೆ ಎಳೆದುಕೊಂಡಿತು.

ಗಾಯದ ಮೇಲೆ ಟವೆಲ್ಲು ಬಿಗಿದು, ಅವಳನ್ನು ಬೆನ್ನಿಗೆ ಹಾಕಿಕೊಂಡು ಔಷಧಿ ಸಿಗುವ ಕಾವಲು ಚೌಕಿಯತ್ತ ಓಡಿದೆ.

“ಮೊದಲನೇ ಏಟು ಯಾಕ ಮೆಲ್ಲಕ ಹೊಡದಿ?” ಎಂದು ಕಿವಿಯ ಹತ್ತಿರ ಕೇಳಿದಳು.

“ನಿನಗ ನೋವಾದೀತಂತ.”

ಅವಳಿಗೆ ನಗು ಬಂತು. ಅದು ಮುಗಿಯುವ ಮೊದಲೇ ನೋವು ತಾಳಲಾರದೆ ನನ್ನ ಹೆಗಲನ್ನು ಕಚ್ಚಿದಳು. ಹಲ್ಲುಗಳು ಮಾಂಸಕ್ಕೆ ಇಳಿದವು. ಚೌಕಿ ಇನ್ನೂ ಒಂದು ಮೈಲಿ ಇತ್ತು. ನಾನು ಹೆಗಲನ್ನು ಸರಿಸಲಿಲ್ಲ.